ರೋಹಿಣಿಯ ನೇರಳೆ ಮರ

ಮರುದಿನ ನಾನು ನ್ಯಾಮತಿ ಬಿಟ್ಟು ಜಗಳೂರಿನ ಕಾಲೇಜೊಂದರಲ್ಲಿ ಕೆಲಸಕ್ಕೆ ಸೇರಬೇಕಿತ್ತು. ಅತ್ತೆ ಸಿದ್ದಲಿಂಗಮ್ಮ ಬೇಡವೆನ್ನಲಿಲ್ಲ. "ನನ್ನ ಮಗನಿಗೆ ಒಂದು ಮಾತು ಹೇಳಿ ಹೋಗವ್ವ" ಎಂದರಷ್ಟೇ. ಅವರ ಮಗ, ನನ್ನ ಗಂಡ ಗುರುಬಸವರಾಜ್, ಬೈಕ್ ಅಪಘಾತದಲ್ಲಿ ತೀರಿಕೊಂಡು ವರ್ಷವಾಗಿತ್ತು.

ಬಸ್ಸು ಹತ್ತಿ ಪೇಟೆಯ ಸಸ್ಯೋದ್ಯಾನಕ್ಕೆ ಹೋದೆವು. ಅಲ್ಲಿನ ನಕ್ಷತ್ರವನದಲ್ಲಿ ಒಂದೊಂದು ಜನ್ಮನಕ್ಷತ್ರಕ್ಕೆ ಒಂದೊಂದು ಮರ; ಜನ ತಮ್ಮ ನಕ್ಷತ್ರದ ಮರಕ್ಕೆ ನೀರೆರೆಯುತ್ತಾರೆ. ನನ್ನ ಗಂಡನದು ರೋಹಿಣಿ, ಅಂದರೆ ನೇರಳೆ.

ತೋಟದ ಮಾಲಿ ಕೆಂಚೇಶ್ ಬಿಂದಿಗೆ ಕೊಟ್ಟು ನಕ್ಕ. "ನೋಡಿ ಹಾಕ್ರಿ ಅಮ್ಮಾರೆ. ಪಕ್ಕದ ನಕ್ಷತ್ರಕ್ಕೆ ಹಾಕಿದ್ರೆ ಪುಣ್ಯ ಅವ್ರಿಗೆ ಹೋಗ್ತೈತೆ!"

ಗುಲಾಬಿ ತೋಟ, ಕಳ್ಳಿಗಿಡಗಳ ಅಂಗಳ ದಾಟಿದೆವು. ಮಟಮಟ ಮಧ್ಯಾಹ್ನ. ನೇರಳೆಯ ಕೆಳಗೆ ಮಾತ್ರ ಬಾವಿಯೊಳಗಿನ ತಂಪು. ಆ ಮರದಲ್ಲಿ ಒಂದು ಹಕ್ಕಿಯೂ ಇರಲಿಲ್ಲ.

ನೀರು ಸುರಿದೆ. ಬುಡದಿಂದ ಗಟಗಟ ಕುಡಿಯುವ ಸದ್ದು ಬಂತು. ನಡುವೆ ಉಸಿರು ತೆಗೆದುಕೊಳ್ಳುವಂತೆ ನಿಂತು, ಮತ್ತೆ ಶುರುವಾಯಿತು. ಅಡಿಕೆ ಮಂಡಿಯ ಕೆಲಸ ಮುಗಿಸಿ ಬಂದು ನನ್ನ ಗಂಡ ಚೊಂಬೆತ್ತಿ ಕುಡಿಯುತ್ತಿದ್ದದ್ದು ಹಾಗೆಯೇ. ನನಗೊಬ್ಬಳಿಗೇ ಕೇಳಿಸಿತೆಂದುಕೊಂಡೆ.

"ನಿಧಾನಕ್ಕೆ ಕುಡಿಯೋ, ನೆತ್ತಿಗೇರೀತು" ಎಂದರು ಅತ್ತೆ.

"ನಾಳೆ ಜಗಳೂರಿಗೆ ಹೋಗ್ತೀನ್ರಿ" ಎಂದೆ, ಮರಕ್ಕೆ. ಸದ್ದು ನಿಂತಿತು. ಬಗ್ಗಿ ಮುಟ್ಟಿದರೆ ಮಣ್ಣು ಹುಡಿಹುಡಿಯಾಗಿ ಒಣಗಿತ್ತು.

"ಇನ್ನೊಂದು ಬಿಂದಿಗೆ ತಗಂಡು ಬಾರವ್ವ. ಬಾಯಾರಿದೋನ್ನ ಬಿಟ್ಟು ಹೆಂಗೆ ಹೋಗ್ತೀಯ?" ಎಂದರು ಅತ್ತೆ.

ಗೇಟು ಮುಚ್ಚುವವರೆಗೂ ನೀರು ಹೊತ್ತೆ. ಕೊನೆಗೆ ಕೆಂಚೇಶನೂ ಬಂದು ಕೈಜೋಡಿಸಿದ.

ನಾನಿನ್ನೂ ನ್ಯಾಮತಿಯಲ್ಲೇ ಇದ್ದೇನೆ. ವಾರಕ್ಕೊಮ್ಮೆ ಹೋಗಿ ನೀರೆರೆಯುತ್ತೇನೆ. ಮಣ್ಣು ಇವತ್ತಿಗೂ ಒದ್ದೆಯಾಗಿಲ್ಲ.