ಕಂಕುಳ ಬಳಿಯ ಬಿಳಿ ಗುರುತು

ಬೆಳಿಗ್ಗೆ ಹತ್ತೂಕಾಲಿಗೆ ಆ ತಾಯಿ ಠಾಣೆಗೆ ಬಂದಾಗ ಇನ್ಸ್‌ಪೆಕ್ಟರ್ ಮುಂದೆ ಬಾಕಿ ಕಡತಗಳು ಗುಡ್ಡೆ ಬಿದ್ದಿದ್ದವು. ನಿವೃತ್ತಿಗೆ ಹದಿನಾಲ್ಕು ತಿಂಗಳು. ಹೊಸ ದೂರು ಎಂದರೆ ಈಗೀಗ ಅವರಿಗೆ ಎದ್ದು ಮನೆಗೆ ಹೋಗಬೇಕೆನಿಸುತ್ತಿತ್ತು. ಆದರೂ ಕುರ್ಚಿ ತೋರಿಸಿದರು.

ಆಕೆಯ ಹತ್ತೊಂಬತ್ತರ ಮಗಳು ಜಿಮ್ನಾಸ್ಟ್. ಕಳೆದ ತಿಂಗಳ ಹನ್ನೊಂದರ ಸಂಜೆ, ಉಳಿದವರೆಲ್ಲ ಹೋದ ಮೇಲೆ ಕೋಚ್ ಅವಳೊಬ್ಬಳಿಗೇ ಅಭ್ಯಾಸ ಮಾಡಿಸುತ್ತಿದ್ದಾಗ, ಎತ್ತರದ ಬಾರ್ ಕಂಬಿಯಿಂದ ಕೈಜಾರಿ ಬಿದ್ದಳು. ಬೆನ್ನುಹುರಿಗೆ ಪೆಟ್ಟು; ಎದೆಯಿಂದ ಕೆಳಗೆ ಅಲುಗಾಟವಿಲ್ಲ. ಬಿದ್ದದ್ದೂ ಅವಳಿಗೆ ನೆನಪಿಲ್ಲ. ತಾನು ಬೇಡವೆಂದರೂ ಹುಡುಗಿಯೇ ಎದ್ದು ನಿಂತು ಮತ್ತೆ ಕುಸಿದಳೆಂದು ಕೋಚ್ ಆಸ್ಪತ್ರೆಯಲ್ಲಿ ಬರೆಸಿದ್ದರು.

"ಹಠಮಾರಿ, ನಿಜ ಸರ್. ಆದ್ರೆ ಹತ್ತು ವರ್ಷದಲ್ಲಿ ಒಂದಿನಾನೂ ಅವರ ಮಾತು ಮೀರಿದೋಳಲ್ಲ" ಎಂದರು ತಾಯಿ. "ಈಗ ನನ್ನ ಕೈಯಾರೆ ನಾನೇ ಹಾಳಾದೆ ಅಂತ ಆಸ್ಪತ್ರೇಲಿ ಕಣ್ಣು ಮುಚ್ಕೊಂಡು ಮಲಗಿದಾಳೆ. ವ್ಯಾಯಾಮ ಮಾಡ್ಸೋಕೆ ಬಂದೋರನ್ನ ಮುಟ್ಟೋಕೂ ಬಿಡಲ್ಲ."

ಹನ್ನೊಂದಕ್ಕೆ ಎಫ್‌ಐಆರ್ ದಾಖಲಾಯಿತು. ಹನ್ನೆರಡೂವರೆಗೆ ಆಸ್ಪತ್ರೆಯ ವೈದ್ಯರು ಎಕ್ಸ್‌ರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ವಿವರಿಸಿದರು. ಹುರಿ ಪೂರ್ತಿ ತುಂಡಾಗಿಲ್ಲ. ಸೂಜಿ ಚುಚ್ಚಿದರೆ ಕಾಲಿನ ಹೆಬ್ಬೆರಳಿಗೆ ಗೊತ್ತಾಗುತ್ತದೆ. ನಡೆಯುತ್ತಾಳೆಂದು ಮಾತು ಕೊಡಲಾರೆ, ಆದರೆ ಮೊದಲ ತಿಂಗಳುಗಳೇ ಮುಖ್ಯ, ಸುಮ್ಮನೆ ಕಳೆದ ದಿನ ಕಳೆದಂತೆಯೇ ಎಂದರು. ಮುರಿದ ಮೂಳೆ ಸರಿದು ಹುರಿಯನ್ನು ಒತ್ತಿದ್ದು ಅವಳು ನೆಟ್ಟಗಾದಾಗ ಇರಬಹುದು. ತಾನೇ ಎದ್ದಳೋ, ಯಾರಾದರೂ ಎಬ್ಬಿಸಿದರೋ, ಅದು ಎಕ್ಸ್‌ರೇಯಲ್ಲಿ ಕಾಣುವುದಿಲ್ಲ.

ಎರಡು ಗಂಟೆಗೆ ಅಭ್ಯಾಸದ ಹಾಲ್. ಕ್ಯಾಮೆರಾ ಇಲ್ಲ, ಸಾಕ್ಷಿ ಇಲ್ಲ. ಆಂಬ್ಯುಲೆನ್ಸ್ ಬರುವವರೆಗೂ ತಾನು ಅವಳನ್ನು ಮುಟ್ಟಲೇ ಇಲ್ಲವೆಂದು ಕೋಚ್ ಹೇಳಿಕೆ ಕೊಟ್ಟರು. ಅಭ್ಯಾಸದಲ್ಲಿ ಹೇಗೆ ಹಿಡಿಯುತ್ತೀರಿ ಎಂದಾಗ ಒಬ್ಬ ಶಿಷ್ಯೆಯನ್ನು ಕರೆದು, ಕೈ ಜಾರದಂತೆ ಎರಡೂ ಅಂಗೈಗೆ ಬಿಳಿ ಪುಡಿ ಹಚ್ಚಿಕೊಂಡು ತೋರಿಸಿದರು: ಸೊಂಟಕ್ಕೊಂದು ಕೈ, ತೊಡೆಗೊಂದು. ಬೇರೆಲ್ಲೂ ಇಲ್ಲ. ಪುಡಿ ಮುಟ್ಟದೆ ಮಕ್ಕಳನ್ನು ಮುಟ್ಟಿದವರೇ ಅಲ್ಲ ಅವರು.

ನಾಲ್ಕಕ್ಕೆ ಹುಡುಗಿಯ ಮನೆ. ಆ ದಿನ ಆಸ್ಪತ್ರೆಯವರು ಕತ್ತರಿಸಿ ತೆಗೆದ ಕಪ್ಪು ಉಡುಪನ್ನು ಒಗೆಯಲು ತಾಯಿಗೆ ಮನಸ್ಸು ಬಂದಿರಲಿಲ್ಲ. ಚೀಲದಲ್ಲಿ ಹಾಗೇ ಇತ್ತು. ಇಬ್ಬರು ಪಂಚರ ಮುಂದೆ ಬಿಚ್ಚಿದರು. ಎರಡೂ ಕಂಕುಳ ಬಳಿ ಬಿಳಿ ಗುರುತು: ಬೆರಳುಗಳು ಎದೆಯ ಕಡೆ, ಹೆಬ್ಬೆರಳು ಬೆನ್ನಿನ ಕಡೆ. ಅಗಲವಾದ ಅಂಗೈ. ಪಂಚನಾಮೆ ಬರೆಯುತ್ತಿದ್ದ ಮಹಿಳಾ ಪೇದೆಯ ಪೆನ್ನು ನಿಂತಿತು.

"ಸರ್, ಬಿದ್ದ ಮಗೂನ ಹಿಂದಿನಿಂದ ಎತ್ತೋದು ಹೀಗೇನೇ" ಎಂದಳು. "ನಮ್ಮನೇಲಿ ದಿನಾ ಎತ್ತುತ್ತೀನಿ."

ಮರುದಿನ ಒಂಬತ್ತೂವರೆಗೆ ಕೋಚ್ ಠಾಣೆಗೆ ಬಂದರು. ಇನ್ಸ್‌ಪೆಕ್ಟರ್ ಉಡುಪನ್ನು ಮೇಜಿನ ಮೇಲೆ ಹರಡಿದರು.

"ಮುಟ್ಟಿಲ್ಲ ಅಂದ್ರಿ."

ಕಂಕುಳ ಬಳಿಯ ಗುರುತಿನ ಮೇಲೆ ಬೆರಳಿಟ್ಟರು.

"ಈ ಕೈ ಯಾರದು?"

ಕೋಚ್ ಬಗ್ಗಿ ಆ ಗುರುತನ್ನು ನೋಡಿದರು. "ನಂದೇ."

ಅವರ ಹಾಲ್‌ನಲ್ಲಿ ಒಂದು ಪದ್ಧತಿ ಇತ್ತು. ಬಿದ್ದವರು ಹತ್ತು ಎಣಿಸುವುದರೊಳಗೆ ಎದ್ದು ನಿಲ್ಲಬೇಕು. ಏಳದಿದ್ದರೆ ಕೋಚ್ ಎತ್ತಿ ನಿಲ್ಲಿಸಬೇಕು. ಇಲ್ಲದಿದ್ದರೆ ಒಳಗೆ ಭಯ ಕೂರುತ್ತದಂತೆ. ಅವರ ಗುರುಗಳು ಅವರನ್ನು ಹಾಗೆಯೇ ಎತ್ತಿದ್ದರು, ಅವರು ಸಾವಿರ ಮಕ್ಕಳನ್ನು ಎತ್ತಿದ್ದರು, ಯಾರಿಗೂ ಏನೂ ಆಗಿರಲಿಲ್ಲ.

"ಎತ್ತೋವಾಗ ಅವಳ ಪಾದ ಆಡ್ತಿತ್ತು" ಎಂದರು. "ನಿಲ್ಲಿಸಿದ ಮೇಲೆ ಆಡಲಿಲ್ಲ."

"ಅದನ್ನ ಅವಳ ತಲೆಗೆ ಯಾಕ್ರೀ ಕಟ್ಟಿದ್ರಿ?"

"ಅವಳಿಗೆ ನೆನಪಿರಲಿಲ್ಲ ಸರ್."

ಹತ್ತು ಐವತ್ತಕ್ಕೆ ಬಂಧನ. ನಿರ್ಲಕ್ಷ್ಯದಿಂದ ತೀವ್ರ ಗಾಯ, ಸುಳ್ಳು ಮಾಹಿತಿ. ಇನ್ಸ್‌ಪೆಕ್ಟರ್‌ಗೆ ಗೆದ್ದ ಸಂತೋಷವೇನೂ ಆಗಲಿಲ್ಲ. ಆತ ಕೆಡುಕನಲ್ಲ, ಇಪ್ಪತ್ತಾರು ವರ್ಷ ತಾನು ಒಳ್ಳೆಯದೆಂದು ಮಾಡಿದ್ದು ತಪ್ಪೆಂದು ಒಪ್ಪಲು ಧೈರ್ಯ ಸಾಲದೆ ಹುಡುಗಿಯ ಮೇಲೆ ಹೊರೆ ಹಾಕಿದ್ದ. ಹಾಗೆಂದು ಕನಿಕರ ಪಡಲೂ ಅವರಿಗೆ ಮನಸ್ಸಾಗಲಿಲ್ಲ.

ಹುಡುಗಿಗೆ ತಿಳಿಸಲು ಪೇದೆಯನ್ನು ಕಳಿಸಬಹುದಿತ್ತು. ಅವರೇ ಆಸ್ಪತ್ರೆಯ ಮೂರು ಮಹಡಿ ಹತ್ತಿದರು. ಕತ್ತಿಗೆ ಪಟ್ಟಿ ಬಿಗಿದ ಹುಡುಗಿ ಕಣ್ಣು ತೆರೆಯದೆ ಪೂರ್ತಿ ಕೇಳಿಸಿಕೊಂಡಳು.

"ಅವರ ಬಾಯಲ್ಲೇ ಹೇಳಿದ್ರಾ?"

"ಸಹಿ ಹಾಕಿದಾರಮ್ಮ."

"ಹಾಗಾದ್ರೆ ನಾನು ಎದ್ದಿಲ್ಲ."

"ಇಲ್ಲ. ನೀನು ಸುಮ್ಮನೆ ಮಲಗಿದ್ದೆ."

ಅವಳ ಕಣ್ಣೀರು ಎರಡೂ ಕಿವಿಗೆ ಇಳಿಯಿತು. ತಾಯಿ ಸೆರಗಿನಿಂದ ಒರೆಸಲು ಬಗ್ಗಿದರು.

"ಅದಿರಲಿ ಬಿಡಮ್ಮಾ" ಎಂದಳು ಹುಡುಗಿ. "ವ್ಯಾಯಾಮ ಮಾಡ್ಸೋರು ಇನ್ನೂ ಇದಾರಾ ನೋಡು."