ಬೀಗದವನು ಮುಟ್ಟದ ಲೋಟ

“ಇವತ್ತೂ ಒಂದು ಲೋಟ ತುಂಬಿದ ಹಾಗೇ ವಾಪಸ್ ಬಂದಿದೆ ನೋಡೇ.”

ದೊಡ್ಡಮ್ಮ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಹೆಬ್ಬೆರಳಿನಷ್ಟೇ ಇರುವ ಗಾಜಿನ ಲೋಟಗಳು. ಎಲ್ಲವೂ ಬರಿದು. ಅಂಚಿನ ಒಂದರಲ್ಲಿ ಮಾತ್ರ ವೈನು ಕೆಂಪಗೆ, ಅಲ್ಲಾಡದೆ ನಿಂತಿತ್ತು.

ಅವಳು ನಲ್ಲಿಯ ಕೆಳಗೆ ಕೈಯೊಡ್ಡಿ ಸುಮ್ಮನೆ ನಿಂತಿದ್ದಳು. ವಾರವೆಲ್ಲ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು, ಹಬೆಗೆ ಬೆಂದ ಕೈಗಳು. ಭಾನುವಾರ ಆರಾಧನೆ ಮುಗಿದ ಮೇಲೆ ಚರ್ಚಿನ ಹಿಂದಿನ ಅಡುಗೆಕೋಣೆಯಲ್ಲಿ ಈ ಲೋಟಗಳನ್ನು ತೊಳೆಯುವುದೂ ಅವಳದೇ ಕೆಲಸ.

“ಯಾರಿಗೋ ಗಂಟಲು ನೋವಿರಬೇಕು ದೊಡ್ಡಮ್ಮ.”

“ಗಂಟಲೂ ಅಲ್ಲ, ಮೂಗೂ ಅಲ್ಲ. ಮೂಲೆ ಬೆಂಚು. ಕಣ್ಣಾರೆ ಕಂಡಿದೀನಿ. ನಿನ್ನ ಬೀಗದವನು.”

ನಿನ್ನ ಬೀಗದವನು... ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ನಾಟಿತು.

ಆ ಸಭೆಯಲ್ಲಿ ಒಂದು ಪದ್ಧತಿಯಿತ್ತು. ಪ್ರಭುವಿನ ಬಲಿಯ ನೆನಪಿಗೆ ವೈನು ಹಂಚುವ ಪ್ರಭುಭೋಜನದ ತಟ್ಟೆ ಬೆಂಚಿನಿಂದ ಬೆಂಚಿಗೆ ಸಾಗುವಾಗ, ಮನಸ್ಸಿನಲ್ಲಿ ಪಾಪ ಬಚ್ಚಿಟ್ಟುಕೊಂಡವರು ಲೋಟ ಮುಟ್ಟದೆ ಪಕ್ಕದವರಿಗೆ ದಾಟಿಸಬೇಕು. ಯಾಕೆ ಎಂದು ಯಾರೂ ಕೇಳುವುದಿಲ್ಲ. ಆದರೆ ಎಲ್ಲರೂ ನೋಡಿರುತ್ತಾರೆ.

ಬೀಗದವನು ಬಚ್ಚಿಡುವಂಥದ್ದು ಇನ್ನೇನಿದೆ? ಮತ್ತೆ ಕುಡಿಯಲು ಶುರು ಮಾಡಿದ್ದಾನೆ.

“ಊರ ಬೀಗ ಎಲ್ಲ ತೆಗೀತಾನೆ, ತನ್ನ ಬಾಯಿ ಮಾತ್ರ ತೆಗೆಯಲ್ಲ ಮಹಾರಾಯ,” ಎಂದರು ದೊಡ್ಡಮ್ಮ. “ಹೋದ ವಾರ ಹೇಗೋ ಬಾಯಿಬಿಟ್ಟು ನಿನ್ನ ಮದುವೆಗೆ ಕೇಳಿದ್ದಾನೆ. ಏನಂತ ಹೇಳ್ಲಿ?”

“ಬೇಡ ಅಂತ ಹೇಳಿಬಿಡಿ.”

“ಯೋಚನೆ ಮಾಡೇ.”

“ಮಾಡೋಕೆ ಶಕ್ತಿ ಇಲ್ಲ ದೊಡ್ಡಮ್ಮ.”

ಅದು ನಿಜವೇ ಆಗಿತ್ತು. ಅಪ್ಪ ಕುಡಿದು ಕುಡಿದೇ ಹೋದವರು. ಒಮ್ಮೆ ಒಳಗಿನಿಂದ ಬೀಗ ಹಾಕಿಕೊಂಡು ಬಿದ್ದಿದ್ದಾಗ ಬಾಗಿಲು ತೆಗೆಯಲು ಬಂದವನು ಇವನೇ. ಬಾಗಿಲು ತೆರೆಯಿತು. ನಾತ ಮುಖಕ್ಕೆ ರಾಚಿತು. ನೆರೆಯವರು ಮೂಗು ಮುಚ್ಚಿಕೊಂಡು ಹಿಂದೆ ಸರಿದರೆ, ಇವನು ಮಾತ್ರ ಒಳಗೆ ಹೋಗಿ ಅಪ್ಪನ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಬಾಯಿ ಒರೆಸಿದ್ದ.

“ನಿಮಗೆ ಅಸಹ್ಯ ಆಗಲ್ವಾ?” ಎಂದು ಕೇಳಿದ್ದಳು.

“ನಾನೂ ಹೀಗೇ ಬಿದ್ದಿರ್ತಿದ್ದೆ,” ಎಂದಿದ್ದ, ತಲೆಯೆತ್ತದೆ. “ನನ್ನ ಎತ್ತಿದೋರೂ ಮೂಗು ಮುಚ್ಚಿಕೊಳ್ಳಲಿಲ್ಲ.”

ಅವಳಿಗೆ ಅವನು ಇಷ್ಟವಾದದ್ದು ಆ ಕ್ಷಣದಲ್ಲೇ. ಭಯ ಹುಟ್ಟಿದ್ದೂ ಆ ಕ್ಷಣದಲ್ಲೇ.

ಅಪ್ಪ ಬರುವ ಸದ್ದಿಗೆ ಕಿವಿಗೊಟ್ಟು ಕೂತ ಆಯುಷ್ಯ ಅವಳದು. ಮೆಟ್ಟಿಲ ಮೇಲಿನ ಹೆಜ್ಜೆ ಕೇಳಿಯೇ ಇವತ್ತು ಎಷ್ಟು ಕುಡಿದಿದ್ದಾರೆಂದು ಹೇಳಬಲ್ಲಳು. ಇನ್ನೊಬ್ಬನ ಹೆಜ್ಜೆಗೆ ಹಾಗೆ ಕಿವಿಗೊಡುವುದೇ?

‘ದೇವರೇ, ಸಾಕು... ನನ್ನ ಕೈಲಾಗಲ್ಲ.’

ದೊಡ್ಡಮ್ಮ ಹೇಳಿಬಂದರು. “ಏನಂದ?” ಎಂದು ಅವಳು ಕೇಳಲಿಲ್ಲ. ಆದರೂ ದೊಡ್ಡಮ್ಮನೇ ಹೇಳಿದರು: “ಸರಿ ಅಮ್ಮ, ಅಂದ. ಅಷ್ಟೇ. ಅರದಿಂದ ಬೀಗದ ಕೈ ಉಜ್ಜುತ್ತಾ ಕೂತ. ಆ ಕೈ ಸವೆದು ಸೂಜಿ ಆಗೋವರೆಗೂ ಉಜ್ಜಿರಬೇಕು.”

ಶನಿವಾರ ಸಂಜೆ ಲೋಟ ಜೋಡಿಸಲು ಅವಳು ಚರ್ಚಿಗೆ ಹೋದಳು. ವೈನಿನ ಬೀರು ತೆರೆಯಲೇ ಇಲ್ಲ. ಬೀಗದ ಕೈ ಅರ್ಧ ತಿರುಗಿ ಸಿಕ್ಕಿಕೊಂಡಿತು. ಪಾದ್ರಿಗಳು ಯಾರಿಗೆ ಹೇಳಿಕಳಿಸಿದರೆಂದು ಬೇರೆ ಹೇಳಬೇಕೇ?

ಅವನು ಬಂದ. ಅವಳನ್ನು ನೋಡಿ ಹೊಸ್ತಿಲಲ್ಲೇ ನಿಂತ.

“ಒಳಗೆ ಏನಿದೆ?”

“ನಾಳೆಯ ವೈನು.”

ಅವನು ಕಿಟಕಿಯನ್ನೂ ಬಾಗಿಲನ್ನೂ ಅಗಲವಾಗಿ ತೆರೆದಿಟ್ಟ. ಆಮೇಲೆ ಬೀರುವಿನ ಮುಂದೆ ಮಂಡಿಯೂರಿದ. ಕಡ್ಡಿಯೊಂದನ್ನು ಒಳಗೆ ತೂರಿಸಿದ. ಬೀಗ ಕಟಕ್ಕೆಂದಿತು. ಬಾಗಿಲು ಇಷ್ಟೇ ಇಷ್ಟು ತೆರೆದುಕೊಂಡಿತು, ಹುಳಿಮಿಶ್ರಿತ ಸಿಹಿ ವಾಸನೆ ತೇಲಿಬಂತು.

ಅವನು ಮುಖ ತಿರುಗಿಸಿ ಎದ್ದು ಹೊರಗೆ ಹೋಗಿಬಿಟ್ಟ.

ಅವಳು ಕಿಟಕಿಯಿಂದ ನೋಡಿದಳು. ಹಿತ್ತಲಿನ ನಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ಕೂದಲೆಳೆಯಂಥ ತಂತಿಯನ್ನು ಹಗುರಾಗಿ ಹಿಡಿಯುವ ಆ ಕೈಗಳು ನಲ್ಲಿಯನ್ನು ಕಿತ್ತುಬರುವ ಹಾಗೆ ಬಿಗಿದಿದ್ದವು. ತುಟಿ ಮಾತ್ರ ಅಲ್ಲಾಡುತ್ತಿತ್ತು.

ಪ್ರಾರ್ಥಿಸುತ್ತಿದ್ದಾನೆ!

ಅವಳಿಗೆ ಏನೋ ಹೊಳೆಯಿತು. ಕೈ ಒರೆಸಿಕೊಂಡು ಹೊರಗೆ ಬಂದಳು.

“ನೀವು ಮತ್ತೆ ಕುಡೀತಿಲ್ಲ. ಅಲ್ವಾ?”

“ಇಲ್ಲ.”

“ಮತ್ತೆ ಆ ಲೋಟ... ಪ್ರತಿ ಸಲ ಮುಟ್ಟದೆ ದಾಟಿಸ್ತೀರಲ್ಲ?”

ಅವನು ನಲ್ಲಿ ಬಿಟ್ಟು ಗೋಡೆಗೆ ಒರಗಿದ. ತುಂಬ ದಣಿದವನ ಹಾಗೆ ಕಂಡ.

“ಅದೊಂದು ಗುಟುಕೂ ಅಲ್ಲ, ನನಗೂ ಗೊತ್ತು. ಆದರೆ ನಾಲಿಗೆಗೆ ಅದು ಗೊತ್ತಿಲ್ಲ. ಆ ತೊಟ್ಟು ಬಿದ್ದರೆ ಅದು ಇಡೀ ಬಾಟಲಿ ಕೇಳುತ್ತೆ. ತಟ್ಟೆ ಬಂದಾಗ, ಇದು ನನ್ನ ದಾಟಿ ಹೋಗಲಿ ಸ್ವಾಮಿ ಅಂತೀನಿ. ಅವರೂ ಶಿಲುಬೆಗೆ ಏರೋ ಹಿಂದಿನ ರಾತ್ರಿ, ಈ ಪಾತ್ರೆ ನನ್ನ ದಾಟಿ ಹೋಗಲಿ ಅಂತ ಹಾಗೇ ಬೇಡಿಕೊಂಡಿದ್ದರಲ್ಲ, ಅವರಿಗೆ ಅರ್ಥವಾಗುತ್ತೆ ಅನ್ಕೋತೀನಿ.”

“ಪಾದ್ರಿಗಳಿಗೆ ಹೇಳಬಹುದಿತ್ತಲ್ಲ.”

“ಒಬ್ಬ ಕುಡುಕನಿಗೋಸ್ಕರ ಇಡೀ ಸಭೆಯ ಲೋಟ ಬದಲಾಯಿಸಿ ಅಂತ ಹೇಗೆ ಕೇಳಲಿ?”

“ಜನ ಏನೇನೋ ಅನ್ಕೊಂಡ್ರು. ನಾನೂ...”

“ನೀವು ಅಂದುಕೊಂಡದ್ದರಲ್ಲಿ ತಪ್ಪಿಲ್ಲ.” ಅವನು ಸಣ್ಣಗೆ ನಕ್ಕ. “ನಮ್ಮಮ್ಮ ದುಡ್ಡು, ಬಾಟಲಿ ಎಲ್ಲ ಪೆಟ್ಟಿಗೆಗೆ ಹಾಕಿ ಬೀಗ ಜಡೀತಿದ್ದರು, ಪಾಪ. ಯಾರಿಂದ? ಬೀಗ ತೆಗೆಯೋನಿಂದ. ಕೊನೆಗೆ ಒಂದು ದಿನ ಬೀಗದ ಕೈ ನನ್ನ ಮುಂದೆ ಎಸೆದು, ನನ್ನ ಕೈಲಾಗಲ್ಲ, ಇನ್ನು ದೇವರೇ ಕಾಯಲಿ ಅಂತ ಗೋಡೆ ಕಡೆ ತಿರುಗಿ ಮಲಗಿದರು. ಅವತ್ತು ಮೊದಲ ಸಲ ನಾನೂ ಅದನ್ನೇ ಅಂದೆ... ನನ್ನ ಕೈಲಾಗಲ್ಲ ಅಂತ. ಅವತ್ತಿಂದ ದಿನಾ ಬೆಳಿಗ್ಗೆ ಎದ್ದು ಅದನ್ನೇ ಹೇಳ್ತೀನಿ. ಬೇರೆ ಪ್ರಾರ್ಥನೆ ನನಗೆ ಬರಲ್ಲ.”

ಅವಳಿಗೂ ಈಗೀಗ ಬರುತ್ತಿದ್ದ ಪ್ರಾರ್ಥನೆ ಅದೊಂದೇ.

ಅವನು ಹೋದ ಮೇಲೆ ಅವಳು ನೇರ ಪಾದ್ರಿಗಳ ಬಳಿಗೆ ಹೋಗಿ, ಅವನ ಹೆಸರೆತ್ತದೆ, “ಅಯ್ಯನವರೇ, ನಾಳೆಯಿಂದ ವೈನು ಬೇಡ. ದ್ರಾಕ್ಷಿ ಕುದಿಸಿ ರಸ ಮಾಡಿಕೊಡ್ತೀನಿ. ಎಲ್ಲರಿಗೂ,” ಎಂದಳು.

ಅವರು ಅವಳನ್ನೇ ನೋಡಿ, “ಹಣ್ಣು ಅದೇ ಬಳ್ಳೀದು ತಾನೇ? ಮಾಡಮ್ಮ,” ಎಂದರು. “ಇದು ನನಗೇ ಹೊಳೀಬೇಕಿತ್ತು.”

ದೊಡ್ಡಮ್ಮ ಮಾತ್ರ ಒಲೆಯ ಮುಂದೆ ಗೊಣಗಿದರು. “ನಮ್ಮಜ್ಜಿ ಕಾಲದಿಂದ ಇಲ್ಲದ್ದು. ಇದೇನು ಪ್ರಭುಭೋಜನವೋ, ಮಕ್ಕಳ ಜ್ವರಕ್ಕೆ ಕೊಡೋ ಕಷಾಯವೋ?” ಗೊಣಗುತ್ತಲೇ ಹಣ್ಣು ಹಿಸುಕಿದರು. ಬಟ್ಟೆಯಲ್ಲಿ ಸೋಸಿದರು. ಇದು ಯಾರಿಗಾಗಿ ಎಂದು ಗೊತ್ತಾದಾಗ ಕಣ್ಣೊರೆಸಿಕೊಂಡರು, ಹೊಗೆಯೆಂದು ನೆಪ ಹೇಳಿದರು. ಉರಿಯುತ್ತಿದ್ದದ್ದು ಗ್ಯಾಸಿನ ಒಲೆ.

ಭಾನುವಾರ ಪಾದ್ರಿಗಳು ಒಂದೇ ಮಾತು ಹೇಳಿದರು: “ಇವತ್ತು ಲೋಟದಲ್ಲಿರೋದು ಬರೀ ಹಣ್ಣಿನ ರಸ. ಯಾರೂ ಹೆದರಬೇಕಾಗಿಲ್ಲ.”

ತಟ್ಟೆ ಮೂಲೆಯ ಬೆಂಚಿಗೆ ಬಂತು. ಅಭ್ಯಾಸಬಲದಿಂದ ಅವನು ಅದನ್ನು ದಾಟಿಸಲು ಹೊರಟಿದ್ದ. ಕೈ ತಡೆಯಿತು. ತಲೆಯೆತ್ತಿ ಅವಳ ಕಡೆ ನೋಡಿದ. ಅವಳು ಕಣ್ಣಿನಲ್ಲೇ ‘ತಗೊಳ್ಳಿ’ ಎಂದಳು. ಅವನು ಲೋಟವನ್ನು ಮೂಗಿನ ಬಳಿ ಹಿಡಿದ. ಬಹಳ ಹೊತ್ತು ಹಿಡಿದ. ಆಮೇಲೆ ಕಣ್ಣುಮುಚ್ಚಿ ಕುಡಿದ.

ಅವನ ಭುಜಗಳು ಕುಲುಕುತ್ತಿದ್ದವು. ಪಕ್ಕದಲ್ಲಿದ್ದ ಮುದುಕರು ಏನನ್ನೂ ಕೇಳದೆ ಅವನ ಬೆನ್ನ ಮೇಲೆ ಕೈಯಿಟ್ಟರು.

ಆರಾಧನೆಯ ನಂತರ ಅವನು ಅಡುಗೆಕೋಣೆಗೆ ಬಂದು ಒರೆಸುವ ಬಟ್ಟೆ ಎತ್ತಿಕೊಂಡ. ಅವಳು ತೊಳೆದು ಕೊಟ್ಟಳು, ಅವನು ಒರೆಸಿದ.

“ಸಿಹಿ ಜಾಸ್ತಿ ಆಗಿತ್ತು.”

“ಸಕ್ಕರೆ ಹಾಕಿಲ್ಲ. ಹಣ್ಣೇ ಹಾಗಿದೆ.” ಅವಳು ಕೈಯಲ್ಲಿದ್ದ ಲೋಟವನ್ನು ನೋಡುತ್ತ ಹೇಳಿದಳು. “ಒಂದು ಮಾತು. ನಾನು ನಿಮ್ಮನ್ನ ಕಾಯಲ್ಲ. ಅಪ್ಪನ್ನ ಕಾದು ಕಾದು ಸಾಕಾಗಿಹೋಗಿದೆ.”

“ಕಾಯೋರು ಬೇರೆ ಇದ್ದಾರೆ. ನೀವು ಪಕ್ಕದಲ್ಲಿದ್ದರೆ ಸಾಕು.”

“ಮತ್ತೆ ಬಿದ್ದರೆ?”

“ಬೀಳಲ್ಲ ಅಂತ ಆಣೆ ಇಡಲಾರೆ. ಆದರೆ ನಿಮ್ಮ ಹತ್ರ ಬಚ್ಚಿಡಲ್ಲ.”

ಅಪ್ಪ ಅವಳಿಗೆ ಎಷ್ಟು ಆಣೆ ಇಟ್ಟಿದ್ದರೋ ಲೆಕ್ಕವಿಲ್ಲ. ಆಣೆ ಇಡಲಾರೆ ಎಂದವನು ಇವನೊಬ್ಬನೇ.

“ಹಾಗಾದ್ರೆ ದೊಡ್ಡಮ್ಮನ್ನ ಇನ್ನೊಂದು ಸಲ ಕೇಳಿ. ಈ ಸಲ ಬೇರೆ ಉತ್ತರ ಹೇಳ್ತಾರೆ.”

“ಈಗಲೇ ಕೇಳ್ಲಾ?”

“ಆ ಲೋಟ ಒರೆಸಿಡಿ ಮೊದಲು.”

ಅವನು ಒರೆಸಿಟ್ಟ. ವೈನಿಲ್ಲದ್ದರಿಂದ ಈಗ ಬೀಗ ಹಾಕದೆ ಬಿಟ್ಟ ಬೀರುವಿನ ಬಾಗಿಲು ಗಾಳಿಗೆ ಕಿರುಗುಟ್ಟುತ್ತ ತಾನಾಗಿ ತೆರೆದುಕೊಂಡಿತು. ಮುಚ್ಚಲು ಯಾರೂ ಹೋಗಲಿಲ್ಲ.