ನೀರು ತಾಗದ ಮೂರು ಸೀರೆ

ಹಿಂದೆ ಕುಂದಲಪುರದಲ್ಲಿ ಧೂಮ್ರಕೇಶನೆಂಬ ಮಾಂತ್ರಿಕ, ಮಡಿವಾಳ ಚೌಡನ ಹೆಂಡತಿ ದ್ಯಾವಿಯನ್ನು ರೇಷ್ಮೆ ಸೀರೆಯಾಗಿ ಮಾಡಿ ಹೊತ್ತೊಯ್ದ. ಚೌಡ ಅವನ ಕೋಟೆಗೆ ಹೋಗಿ ಬಾಗಿಲು ಬಡಿದ.

"ಹೆಂಡತಿ ಬೇಕು."

"ಓಹೋ, ಬಟ್ಟೆ ಒಗೆಯೋನು!" ಮಾಂತ್ರಿಕ ನಕ್ಕ. "ನನ್ನ ಪೆಟ್ಟಿಗೆ ತುಂಬ ಹೆಂಗಸರೇ. ಮೂರು ಸೀರೆಗೆ ಕಲೆ ಬಿದ್ದಿದೆ, ತೆಗೆ. ಮೂರೂ ಹೋದರೆ ಎಲ್ಲರನ್ನೂ ಬಿಡ್ತೀನಿ. ನನ್ನ ಪ್ರಾಣದ ಮೇಲೆ ಆಣೆ. ಆದರೆ ನೀರು ತಾಗಿದಷ್ಟು ಜಾಗ ಕರಗುತ್ತೆ. ಹೊಳೆ ಇಲ್ಲದೆ ನೀನೆಂಥ ಮಡಿವಾಳ, ನೋಡೋಣ."

ಮೊದಲ ಸೀರೆಗೆ ತುಪ್ಪ ಚೆಲ್ಲಿತ್ತು. ಚೌಡ ಕಡಲೆಹಿಟ್ಟು ಉದುರಿಸಿ, ಕಲ್ಲು ಹೇರಿ ಕಾದ. ಹಿಟ್ಟು ಜಿಡ್ಡು ಕುಡಿಯಿತು. ಕೊಡವಿದ. ಕಲೆ ಹೋಯಿತು. ಮಡಿಸುವ ಮುಂಚೆ ಬಾಯಿಂದ ನೀರು ಚಿಮುಕಿಸುವುದು ಅವನ ರೂಢಿ. ಇಲ್ಲಿ ನೀರಿರಲಿಲ್ಲ. ಯೋಚಿಸದೆ ಬೆರಳನ್ನು ನಾಲಿಗೆಗೆ ತಾಗಿಸಿ ಅಂಚು ತೀಡಿದ. ಅಲ್ಲಿ ತೂತು ಬಿತ್ತು. ಸೀರೆ ಕಿರುಚಿತು.

"ಅದು ಗಾಣಿಗರ ಈರಿಯ ಕಿವಿ," ಎಂದ ಮಾಂತ್ರಿಕ. "ನಡೆಸಪ್ಪ, ನಡೆಸು."

ಎರಡನೆಯದಕ್ಕೆ ಮಸಿ ಹತ್ತಿತ್ತು. ಉಜ್ಜಿದರೆ ಹರಡುತ್ತದೆ. ಚೌಡ ಬಾಯಿಗೆ ಬಟ್ಟೆ ಕಟ್ಟಿಕೊಂಡ. ಹುರಿದ ತೌಡನ್ನು ಬಿಸಿಬಿಸಿ ಹರಡಿದ. ನವಿಲುಗರಿಯಿಂದ ಗುಡಿಸಿದ. ಮತ್ತೆ ಹರಡಿದ, ಮತ್ತೆ ಗುಡಿಸಿದ. ತೌಡು ಕಪ್ಪಾಯಿತು. ಸೀರೆ ಬೆಳಗಿತು.

ಮೂರನೆಯದು ದ್ಯಾವಿ. ಸೆರಗಿನಲ್ಲಿ ರಕ್ತ. ಹಿಟ್ಟು ಹಾಕಿದ. ಹೋಗಲಿಲ್ಲ. ತೌಡು ಹಾಕಿದ. ಹೋಗಲಿಲ್ಲ.

"ರಕ್ತಕ್ಕೆ ನೀರೇ ಬೇಕು ಕಣೋ," ಮಾಂತ್ರಿಕ ಹಂಗಿಸಿದ. "ಅವಳ ಮೇಲೆ ಬಿದ್ದು ಅಳು. ಕಣ್ಣೀರು ಸಾಕಾದೀತು."

ಚೌಡ ಅಳಲಿಲ್ಲ. ಸೀರೆಯ ಹತ್ತಿರ ಬಾಗಿದ.

"ದ್ಯಾವೀ, ಎಳೆ ಕೀಳಬೇಕು. ನೋಯುತ್ತೆ. ತಡ್ಕೋತೀಯಾ?"

"ಮಾತು ಸಾಕು. ಕೀಳು," ಎಂದಿತು ಸೀರೆ.

ಚೌಡ ಸೂಜಿ ತೆಗೆದ. ರಕ್ತ ಹತ್ತಿದ ಎಳೆಗಳನ್ನು ಒಂದೊಂದಾಗಿ ಕಿತ್ತ. ಒಂದೊಂದು ಎಳೆಗೂ ಅವಳು ನರಳಿದಳು. ಅವನು ಕೈ ನಿಲ್ಲಿಸಲಿಲ್ಲ. ಕೊನೆಯ ಎಳೆ ಬಂದಾಗ ಕಲೆ ಇರಲಿಲ್ಲ. ಕಲೆ ಇದ್ದ ಜಾಗವೂ ಇರಲಿಲ್ಲ.

"ಮೋಸ!" ಮಾಂತ್ರಿಕ ಅಬ್ಬರಿಸಿದ. "ಹರಿದು ಹಾಕಿದೀಯ!"

"ಕಲೆ ಎಲ್ಲಿದೆ, ತೋರಿಸು."

ಮಾಂತ್ರಿಕ ಹುಡುಕಿದ. ಸಿಗಲಿಲ್ಲ.

"ಆದರೂ ಬಿಡೋದಿಲ್ಲ," ಎಂದ.

ಆ ಮಾತು ಆಡಿದ ಕೂಡಲೇ ಆಣೆ ಅವನ ಕೊರಳು ಹಿಸುಕಿತು. ನಿಂತಲ್ಲೇ ಬಿದ್ದು ಸತ್ತ.

ಪೆಟ್ಟಿಗೆ ತೆರೆದುಕೊಂಡಿತು. ಸೀರೆಗಳಾಗಿದ್ದವರೆಲ್ಲ ಹೆಂಗಸರಾಗಿ ಎದ್ದು ತಮ್ಮ ತಮ್ಮ ಮನೆಗೆ ಹೋದರು. ದ್ಯಾವಿಯ ಎಡಗೈಯಲ್ಲಿ ಮೂರೇ ಬೆರಳು ಉಳಿದಿದ್ದವು. ಗಂಡ ಹೆಂಡತಿ ಬಹಳ ಕಾಲ ಸುಖವಾಗಿ ಬಾಳಿದರು.